ಎಡಗೈಯ ಟೋಪಿ

ಶಾಯಿಸ್ತಾ ಆ ಸುಳ್ಳು ಹೇಳಿದ್ದು ಚಹಾದ ತಟ್ಟೆ ಕೆಳಗಿಡುವಷ್ಟು ಹೊತ್ತಿನಲ್ಲಿ. ಹೇಳಲೇಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು, ಹೊರಗೆ ಬಿತ್ತು. ಆಮೇಲೆ ಅದನ್ನು ದಕ್ಕಿಸಿಕೊಳ್ಳಲು ಮನೆಯವರೆಲ್ಲ ವಾರಗಟ್ಟಲೆ ಒದ್ದಾಡಿದರು.

ಆವತ್ತು ಹೊನ್ನಾಳಿಯಿಂದ ಹುಡುಗನ ಕಡೆಯವರು ಮಾತು ಪಕ್ಕಾ ಮಾಡಿಕೊಳ್ಳಲು ಚನ್ನಗಿರಿಗೆ ಬಂದಿದ್ದರು. ಹುಡುಗ ಜುಬೇರ್, ಟೈಲ್ಸ್ ಹಾಕುವ ಕೆಲಸದವನು, ತಾಯಿಯಿಲ್ಲದವನು. ಅವನನ್ನು ಸಾಕಿ ಬೆಳೆಸಿದ ಅಜ್ಜಿ ಪ್ಯಾರೀಜಾನ್ ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕಣ್ಣಂತೂ ಗೋಡೆಯ ಬಿರುಕು, ಬಾಗಿಲ ಪರದೆ, ಹುಡುಗಿಯ ಹಿಮ್ಮಡಿ ಯಾವುದನ್ನೂ ಬಿಡುತ್ತಿರಲಿಲ್ಲ. ಚಹಾ ತಟ್ಟೆಯ ಮೇಲೆ ಹೊದಿಸಿದ್ದ ಕ್ರೋಶಾದ ಬಿಳಿ ರುಮಾಲನ್ನು ಎತ್ತಿ ಅವಳು ಬೆಳಕಿಗೆ ಹಿಡಿದಳು.

"ಇದು ಯಾರ ಕೈ?" ಎಂದಳು.

"ನಮ್ಮ ಅರ್ಷಿಯಾಂದೇ. ಕಡ್ಡಿ ಹಿಡಿದ್ರೆ ಊಟ ತಿಂಡಿನೂ ಮರೀತಾಳೆ," ಎಂದಳು ಶಾಯಿಸ್ತಾ.

ಅರ್ಷಿಯಾ ಹುಡುಗಿ. ಬಸ್ ಸ್ಟ್ಯಾಂಡ್ ಹತ್ತಿರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೂಜಿ ಹಿಡಿಯುತ್ತಿದ್ದಳು ನಿಜ, ಅದು ಬೇರೆ ಸೂಜಿ. ಕ್ರೋಶಾದ ಕಡ್ಡಿಯ ಯಾವ ತುದಿಗೆ ಕೊಕ್ಕೆ ಇರುತ್ತದೆಂದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮನ ಮಾತು ಕೇಳಿ ತಲೆ ತಗ್ಗಿಸಿದಳು. ಬಂದವರು ಅದನ್ನು ನಾಚಿಕೆ ಅಂದುಕೊಂಡರು.

ಮೂಲೆಯ ಮಂಚದ ಮೇಲೆ ಕೂತಿದ್ದ ಗುಲ್ಜಾರ್‌ಬೀ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ಶಾಯಿಸ್ತಾಳ ಅತ್ತೆ, ಅರ್ಷಿಯಾಳ ಅಜ್ಜಿ. ರುಮಾಲು ಹೆಣೆದವಳು ಅವಳೇ.

ಪ್ಯಾರೀಜಾನ್ ರುಮಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ನಮಗೆ ಕೊಡಾದು ತಗಳಾದು ಏನೂ ಬ್ಯಾಡ. ನಮ್ಮನೆಯಾಗೆ ಒಂದೇ ಪದ್ಧತಿ. ನಿಕಾಹ್ ದಿನ ಹುಡುಗ ಹಾಕ್ಕಳೋ ಟೋಪಿ ಹುಡುಗಿ ಕೈಯಾರೆ ಹೆಣೆದಿದ್ದೇ ಆಗಬೇಕು. ನಾನೂ ಹೆಣೆದಿದ್ದೆ, ಜುಬೇರನ ತಾಯಿನೂ ಹೆಣೆದಿದ್ಲು. ಬರದೋರು ಕಲಿತು ಹೆಣೀತಿದ್ರು. ನಿಮ್ಮುಡುಗಿಗೆ ಬರ್ತದೆ ಅಂದ್ರೆ ಇನ್ನೇನು."

ಹೇಳಿ, ಚೀಲದಿಂದ ಗಂಟು ಹಾಕಿದ ಒಂದು ದಾರ ತೆಗೆದು ಅರ್ಷಿಯಾಳ ಕೈಗಿಟ್ಟಳು. ಜುಬೇರನ ತಲೆಯ ಅಳತೆ. ನಿಕಾಹ್‌ಗೆ ಐದು ವಾರವಿತ್ತು.

ಅವರ ಕಾರು ಓಣಿ ದಾಟಿತೋ ಇಲ್ಲವೋ, ಅಡುಗೆಮನೆಯಲ್ಲಿ ಶುರುವಾಯಿತು. ಶಾಯಿಸ್ತಾ ಲೋಟ ತೊಳೆಯುತ್ತಿದ್ದಳು. ಗುಲ್ಜಾರ್‌ಬೀ ಹೊಸ್ತಿಲ ಮೇಲೆ ಕೂತಳು.

"ಯಾಕಂಗೆ ಅಂದೆ?"

"ಬಂತು, ಅಂದೆ. ನೀವು ಹೆಣೆದುಕೊಡ್ರಿ ಅಮ್ಮೀಜಾನ್. ಇವಳ ಹೆಸರು ಹೇಳ್ತೀವಿ. ಅದರಾಗೇನೈತೆ?"

"ಆಮೇಲೆ?"

"ಆಮೇಲೇನು?"

"ಅಲ್ಲಿಗೆ ಹೋದ ಮೇಲೆ ಆಯಮ್ಮ ದಾರದ ಉಂಡೆ ತಂದು ಇವಳ ಮಡಿಲಿಗೆ ಹಾಕಿದ್ರೆ?"

"ಹಾಕಿದಾಗ ನೋಡಾನ. ಮೊದಲು ನಿಕಾಹ್ ಆಗ್ಲಿ."

ಅರ್ಷಿಯಾ ಬಾಗಿಲಿಗೊರಗಿ ನಿಂತಿದ್ದಳು. "ನನಗೆ ಬರಲ್ಲ ಅಂತ ಈಗಲೇ ಫೋನ್ ಮಾಡಿ ಹೇಳಿಬಿಡಾನ, ಅಮ್ಮಿ. ಅವರೇ ಅಂದ್ರಲ್ಲ, ಬರದೋರು ಕಲಿತು ಹೆಣೀತಿದ್ರು ಅಂತ."

"ಹೇಳು, ಹೇಳು," ಎಂದಳು ಶಾಯಿಸ್ತಾ. "ಜಗಳೂರಿನೋರಿಗೂ ಹಿಂಗೇ ನೆಟ್ಟಗೆ ಹೇಳಿದ್ವಲ್ಲ, ಹುಡುಗಿ ಕೆಲಸ ಬಿಡಲ್ಲ ಅಂತ. ಏನಾಯ್ತು? ಉಂಗುರ ವಾಪಸ್ ಬಂತು. ಇನ್ನೊಂದು ಸಲ ಉಂಗುರ ವಾಪಸ್ ಬಂದ್ರೆ ಮೂರನೇ ಸಲ ಯಾರೂ ನಮ್ಮ ಬಾಗಿಲು ತುಳಿಯಲ್ಲ. ನಿನ್ನ ಅಬ್ಬನಿಗೆ ಈ ವಿಷಯ ಗೊತ್ತಾಗಬಾರದು. ಅವರಿಗೆ ಹೊಟ್ಟೆಯಾಗೆ ಒಂದು ಮಾತೂ ನಿಲ್ಲಲ್ಲ. ಜುಬೇರನ ಹತ್ರನೂ ಬಾಯಿ ಬಿಡಬ್ಯಾಡ. ನನ್ನ ತಲೆ ಮುಟ್ಟಿ ಹೇಳು."

ಅರ್ಷಿಯಾ ತಲೆ ಮುಟ್ಟಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಜಗಳೂರಿನ ಸಂಬಂಧ ಮುರಿದ ಮೇಲೆ ಅಮ್ಮ ಆರು ತಿಂಗಳು ಯಾವ ಮದುವೆಗೂ ಹೋಗದೆ ಮನೆಯಲ್ಲೇ ಕೂತಿದ್ದನ್ನು ಅವಳು ನೋಡಿದ್ದಳು.

ಗುಲ್ಜಾರ್‌ಬೀಯ ಭಯಕ್ಕೆ ಬೇರೆಯದೇ ಕಾರಣವಿತ್ತು. ಅವಳು ಹುಟ್ಟಾ ಎಡಚಿ. ಹದಿನೇಳನೆಯ ವಯಸ್ಸಿಗೆ ತ್ಯಾವಣಿಗೆಯಿಂದ ಗನಿಸಾಬನ ಹೆಂಡತಿಯಾಗಿ ಈ ಮನೆಗೆ ಬಂದಾಗ, ಮೊದಲ ಊಟಕ್ಕೇ ಎಡಗೈ ತಟ್ಟೆಗೆ ಹೋಗಿತ್ತು. ಅತ್ತೆ ಏನೂ ಬೈಯಲಿಲ್ಲ. ಹಳೆಯ ಬಟ್ಟೆಯ ಪಟ್ಟಿ ತಂದು, ಮೂರು ತಿಂಗಳು ಊಟದ ಹೊತ್ತಿಗೆ ಆ ಕೈಯನ್ನು ಸೊಂಟಕ್ಕೆ ಕಟ್ಟಿದಳು. ಉಣ್ಣುವುದು, ಬಡಿಸುವುದು, ನೀರು ಕೊಡುವುದು ಎಲ್ಲ ಬಲಗೈಗೆ ಬಂತು. ಕ್ರೋಶಾ ಮಾತ್ರ ಬರಲಿಲ್ಲ, ಅದು ಎಡಗೈಯಲ್ಲೇ ಉಳಿಯಿತು. ಅಂಥ ಹೆಣಿಗೆ ಚನ್ನಗಿರಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಅತ್ತೆಗೆ ಅದನ್ನು ಬಿಡಲೂ ಮನಸ್ಸಿಲ್ಲ, ತೋರಿಸಲೂ ಮನಸ್ಸಿಲ್ಲ. ಒಳಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹೆಣಿ, ಬಂದವರ ಕಣ್ಣಿಗೆ ಬೀಳಬೇಡ ಎಂದು ಕಟ್ಟಪ್ಪಣೆಯಾಯಿತು. ಹೆಣೆದದ್ದಕ್ಕೆಲ್ಲ ಬೇರೆಯವರ ಹೆಸರಾಯಿತು.

ಹಾಗೆ ಹೆಸರಾದವರಲ್ಲಿ ಗನಿಸಾಬನ ತಂಗಿ ಅಮೀರ್‌ಬೀ ಒಬ್ಬಳು. ಅವಳನ್ನು ನ್ಯಾಮತಿಗೆ ಕೊಟ್ಟಾಗ ಎರಡು ಟೋಪಿ, ಒಂದು ಮಫ್ಲರ್, ಒಂದು ತಟ್ಟೆಯ ರುಮಾಲು, ಎಲ್ಲವೂ ಅಮೀರ್‌ಬೀ ಹೆಣೆದದ್ದೆಂದೇ ಹೋದವು. ಮದುವೆಗೆ ಮೊದಲು ಗುಲ್ಜಾರ್‌ಬೀ ಅವಳನ್ನು ತಿಂಗಳುಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ನೋಡಿದ್ದಳು. ಬರಲಿಲ್ಲ. ಮೂರನೆಯ ತಿಂಗಳಿಗೆ ನ್ಯಾಮತಿಯ ಅತ್ತೆ ದಾರದ ಉಂಡೆ ತಂದಿಟ್ಟಳು. ಅಲ್ಲಿಂದ ಅಮೀರ್‌ಬೀಗೆ ಒಂದೇ ಹೆಸರು, ಕೈ ತವರಲ್ಲಿ ಬಿಟ್ಟು ಬಂದವಳು. ನೆಂಟರೆದುರು, ಮಕ್ಕಳೆದುರು, ಮೊಮ್ಮಕ್ಕಳೆದುರು ಅದೇ ಮಾತು. ಹೋದ ವರ್ಷ ತೀರಿಕೊಳ್ಳುವವರೆಗೂ ಅವಳು ತವರಿಗೆ ಬಂದರೆ ಗುಲ್ಜಾರ್‌ಬೀ ಕೊಟ್ಟ ನೀರನ್ನು ಮುಟ್ಟುತ್ತಿರಲಿಲ್ಲ.

ಆದರೂ ಗುಲ್ಜಾರ್‌ಬೀ ಮರುದಿನ ಮಧ್ಯಾಹ್ನ ಕಡ್ಡಿ ಹಿಡಿದಳು. ಹಿಡಿಯದಿದ್ದರೆ ಸಂಬಂಧ ಅವತ್ತೇ ಮುರಿಯುತ್ತದೆ, ಹಿಡಿದರೆ ಆಮೇಲೆ ಎಂದೋ ಮುರಿಯಬಹುದು. ಅವಳು ಆ ಎಂದೋ ಒಂದು ದಿನವನ್ನು ಆರಿಸಿಕೊಂಡಳು. ನಮ್ಮಲ್ಲಿ ಹೆಚ್ಚಿನವರು ಮಾಡುವುದೂ ಅದನ್ನೇ.

ಅರವತ್ತೆಂಟು ವರ್ಷದ ಬೆರಳು ಮೊದಲಿನಂತೆ ಬಾಗುತ್ತಿರಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಕೈ ಅದ್ದುವುದು, ಒರೆಸಿಕೊಳ್ಳುವುದು, ನಾಲ್ಕು ಸುತ್ತು ಹಾಕುವುದು, ಮತ್ತೆ ಅದ್ದುವುದು. ಶಾಯಿಸ್ತಾ ಪಾತ್ರೆ ತೊಳೆಯುವುದರಿಂದ ಹಿಡಿದು ಅಕ್ಕಿ ಆರಿಸುವವರೆಗೆ ಅತ್ತೆಯ ಪಾಲಿನ ಕೆಲಸವನ್ನೆಲ್ಲ ತಾನೇ ಎಳೆದುಕೊಂಡಳು. ದಿನಕ್ಕೆ ಎರಡು ಸಲ ಬೆಲ್ಲದ ಚಹಾ ಬಂತು. ಇಪ್ಪತ್ತೈದು ವರ್ಷದಲ್ಲಿ ಸೊಸೆ ಇಷ್ಟು ಉಪಚಾರ ಮಾಡಿದ್ದಿಲ್ಲ, ಗುಲ್ಜಾರ್‌ಬೀಗೆ ಆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಪಕ್ಕದ ಮನೆಯ ಚೌಡಮ್ಮ ಮಜ್ಜಿಗೆ ತಂದವಳು ಒಂದು ದಿನ ನೇರ ಒಳಮನೆಗೇ ಬಂದಳು. ಶಾಯಿಸ್ತಾ ಓಡಿಬಂದು ಅತ್ತೆಯ ಕೈಯಿಂದ ಕಡ್ಡಿ ಕಿತ್ತು ಬೆನ್ನ ಹಿಂದೆ ಇಟ್ಟುಕೊಂಡಳು.

"ಏನೇ ಅದು, ಹಿಂಗೆ ಬಚ್ಚಿಡ್ತೀಯ?" ಎಂದಳು ಚೌಡಮ್ಮ. "ನಿಮ್ಮತ್ತೆ ಎಡಚಿ ಅಂತ ಓಣಿಗೆಲ್ಲ ಗೊತ್ತಲ್ಲೇ. ನಮ್ಮತ್ತೆನೇ ಹೇಳಿದ್ಲು ನನಗೆ. ಅದನ್ನ ಯಾರಿಂದ ಮುಚ್ಚಿಡ್ತಾ ಇದೀರಿ ನೀವು?"

ಗುಲ್ಜಾರ್‌ಬೀ ಮಜ್ಜಿಗೆಯ ಪಾತ್ರೆ ತೆಗೆದುಕೊಂಡಳು. ಬಲಗೈಯಲ್ಲೇ ತೆಗೆದುಕೊಂಡಳು.

ಎರಡನೆಯ ವಾರ ಅರ್ಷಿಯಾ ತಾನಾಗಿ ಬಂದು ಅಜ್ಜಿಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಳು. ಕೈಯಲ್ಲಿ ಹೊಸ ಕಡ್ಡಿ, ಹೊಸ ದಾರ.

"ನನಗೂ ಕಲಿಸು ದಾದಿ. ಅಲ್ಲಿ ಹೋಗಿ ಬೆಪ್ಪಿ ಹಂಗೆ ಕೂರಾಕೆ ನನಗಾಗಲ್ಲ."

"ಹುಡುಗ ಹಿಡಿಸಿದಾನಾ?"

"ಹೂಂ." ಸ್ವಲ್ಪ ಹೊತ್ತು ದಾರ ಸುತ್ತಿಕೊಂಡು, "ಕೆಲಸ ಬಿಡಬ್ಯಾಡ ಅಂದ್ರು. ಹೊನ್ನಾಳಿಯಾಗೂ ಲ್ಯಾಬ್ ಐತಂತೆ, ಅವರೇ ಹೋಗಿ ಕೇಳ್ಕೊಂಡು ಬಂದಾರೆ. ಫೋನ್ ಮಾಡಿದಾಗ ಟೋಪಿ ಎಲ್ಲಿಗೆ ಬಂತು ಅಂತ ಕೇಳ್ತಾರೆ. ನಾನು ಮಾತು ತಿರುಗಿಸಿಬಿಡ್ತೀನಿ. ಕೆಟ್ಟದನಿಸ್ತೈತೆ ದಾದಿ," ಎಂದಳು.

ಅಜ್ಜಿ ಒಂದೊಂದು ಕುಣಿಕೆಯನ್ನೂ ನಿಧಾನ ಮಾಡಿ ತೋರಿಸಿದಳು. ಮೊಮ್ಮಗಳು ಕಣ್ಣಿಟ್ಟು ನೋಡಿ ಹಾಗೇ ಹಾಕಿದಳು. ಹಾಕಿದ್ದು ಗಂಟಾಯಿತು. ಬಿಚ್ಚಿ ಮತ್ತೆ ಹಾಕಿದರೆ ಸುತ್ತು ಮುಂದೆ ಹೋಗದೆ ಹಿಂದಕ್ಕೆ ಬಂತು. ನಾಲ್ಕು ದಿನವಾದರೂ ಅದೇ ಪಾಡು. ಟ್ಯೂಬಿನಿಂದ ರಕ್ತದ ಹನಿ ಚೆಲ್ಲದೆ ಕೆಲಸ ಮಾಡುವ ಹುಡುಗಿ, ಕಣ್ಣಲ್ಲಿ ನೀರು ತಂದುಕೊಂಡಳು. ಗುಲ್ಜಾರ್‌ಬೀಗೆ ಅಮೀರ್‌ಬೀಯೇ ಮತ್ತೆ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

"ಬಿಡವ್ವಾ. ಕೆಲವರ ಕೈಗೆ ಬರಲ್ಲ," ಎಂದಳು.

ಅರ್ಷಿಯಾ ದಾರ ಕಡ್ಡಿ ಎತ್ತಿಕೊಂಡು ಎದ್ದುಹೋದಳು. ಮರುದಿನದಿಂದ ಅವಳ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಅವು ಇರುತ್ತಿದ್ದವು. ಗುಲ್ಜಾರ್‌ಬೀ ನೋಡಿದ್ದಳು, ಕೇಳಲಿಲ್ಲ.

ಟೋಪಿ ಮುಗಿಯಲು ಹದಿನಾರು ದಿನ ಹಿಡಿಯಿತು. ನೆತ್ತಿಯಲ್ಲಿ ನಕ್ಷತ್ರ, ಸುತ್ತ ಜಾಲರಿ, ಅಂಚಿಗೆ ಗೋಧಿ ತೆನೆಯ ಸಾಲು. ಅರ್ಷಿಯಾಳ ತಂದೆ ಸಾದಿಕ್ ಅದನ್ನು ನೋಡಿ ಊಟದ ತಟ್ಟೆಯನ್ನು ಆಚೆ ಸರಿಸಿದ. ನಲ್ಲೂರು ರಸ್ತೆಯಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ ಅವನದು. ಸುತ್ತಿನ ಕೆಲಸ ಅಂದರೆ ಅವನಿಗೆ ಭಾರಿ ಮರ್ಯಾದೆ.

"ಇಷ್ಟು ಸಮ ನನ್ನ ಕೈಯಾಗೂ ಬರಲ್ಲ," ಎಂದ. "ನನ್ನ ಮಗಳು ದಾದಿ ಹತ್ರ ಯಾವಾಗ ಕಲಿತ್ಲು ಇದನ್ನ? ನನಗೇ ಗೊತ್ತಿಲ್ಲ ನೋಡು."

"ಗಂಡಸರಿಗೆ ಮನೆಯಾಗಿನದು ಏನು ಗೊತ್ತಿರ್ತದೆ," ಎಂದಳು ಶಾಯಿಸ್ತಾ, ಖಿಚಡಿಗೆ ಇನ್ನೊಂದು ಸೌಟು ಹುಣಸೆಯ ಖಟ್ಟಾ ಬಡಿಸುತ್ತ.

"ಅಬ್ಬಾ," ಎಂದು ಅರ್ಷಿಯಾ ಬಾಯಿ ತೆರೆದಳು. ಶಾಯಿಸ್ತಾ ಸೌಟನ್ನು ಪಾತ್ರೆಗೆ ಜೋರಾಗಿ ಬಡಿದಳು. ಅರ್ಷಿಯಾ ನೀರು ಕುಡಿದಳು.

ಸಾದಿಕ್ ಟೋಪಿಯನ್ನು ಅಂಗಡಿಗೆ ಒಯ್ದು, ಮೋಟರ್ ತಂದ ರೈತರಿಗೆಲ್ಲ ಮಗಳ ಕೈಗೆಲಸವೆಂದು ತೋರಿಸಿ, ಆಮೇಲೆ ತಾನೇ ಹೊನ್ನಾಳಿಗೆ ಹೋಗಿ ಕೊಟ್ಟು ಬಂದ. ಬಂದವನು, ಪ್ಯಾರೀಜಾನ್ ಏನೂ ಹೇಳಲಿಲ್ಲ, ಕಿಟಕಿಯ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು ಎಂದ. "ಅಷ್ಟು ಹಿಡಿಸಿರಬೇಕು," ಎಂದು ಅವನೇ ಅರ್ಥವನ್ನೂ ಹೇಳಿದ.

ಮೂರನೆಯ ದಿನ ಫೋನ್ ಬಂತು. ಶಾಯಿಸ್ತಾ ಒಗ್ಗರಣೆಗೆ ಮಂಡಕ್ಕಿ ನೆನೆಹಾಕುತ್ತಿದ್ದಳು, ಒದ್ದೆ ಕೈಯಲ್ಲೇ ಎತ್ತಿದಳು. ಪ್ಯಾರೀಜಾನ್ ಕ್ಷೇಮ ಕೇಳಲಿಲ್ಲ.

"ಟೋಪಿ ನೋಡಿದೆ. ಒಂದು ಮಾತು ಕೇಳಾದೈತೆ. ಫೋನಿನಾಗೆ ಆಗಲ್ಲ. ಭಾನುವಾರ ಬರ್ತೀನಿ, ಹುಡುಗಿ ಮನೆಯಾಗಿರ್ಲಿ."

ಮಂಡಕ್ಕಿ ನೀರಲ್ಲಿ ಕರಗಿ ಗಂಜಿಯಾಯಿತು. ಅವತ್ತು ಮನೆಯವರು ಬರೀ ಚಹಾ ಕುಡಿದರು.

"ಏನು ಕೇಳಬಹುದು?" ಶಾಯಿಸ್ತಾ ಹತ್ತು ಸಲ ಕೇಳಿದಳು. "ಅಳತೆ ತಪ್ಪಿತಾ? ದಾರದ ಬಣ್ಣ ಮಾಸಿತ್ತಾ?"

ಗುಲ್ಜಾರ್‌ಬೀಗೆ ಗೊತ್ತಿತ್ತು. ಗೊತ್ತಿದ್ದೂ ಹದಿನಾರು ದಿನ ಅದು ಹೊಳೆಯದೇ ಹೋಯಿತಲ್ಲ ಎಂದು ಹಣೆ ಚಚ್ಚಿಕೊಳ್ಳುವ ಹಾಗಾಯಿತು. "ಸುತ್ತು," ಎಂದಳು. "ಬಲಗೈಯೋರು ದುಂಡಗೆ ಹೆಣೆದ್ರೆ ಸುತ್ತು ಗಡಿಯಾರದ ಮುಳ್ಳಿಗೆ ಎದುರಾಗಿ ಹೋಗ್ತದೆ. ನಂದು ಮುಳ್ಳು ಹೋದ ಕಡೆಗೇ ಹೋಗ್ತದೆ. ಸುಮ್ಮನೆ ನೋಡೋರಿಗೆ ಕಾಣಲ್ಲ. ಐವತ್ತು ವರ್ಷ ಹೆಣೆದೋರಿಗೆ ಕಾಣ್ತದೆ."

ಶಾಯಿಸ್ತಾ ಗೋಡೆಗೆ ಒರಗಿದಳು. ಅರ್ಧ ಗಳಿಗೆಯಲ್ಲಿ ಅವಳ ಮುಖದಲ್ಲಿ ಮತ್ತೆ ಜೀವ ಬಂತು. ಆ ಜೀವ ಕಂಡು ಗುಲ್ಜಾರ್‌ಬೀಗೆ ಇನ್ನೂ ಭಯವಾಯಿತು.

"ಹಂಗಾದ್ರೆ ಸುಲಭ. ಅರ್ಷಿಯಾ ಹೆಣಿಗೆಗೆ ಮಾತ್ರ ಎಡಗೈ ಅಂತ ಹೇಳಿಬಿಡಾನ. ಇನ್ನೂ ನಾಕು ದಿನ ಐತೆ. ಎರಡು ಕುಣಿಕೆ ಎಡಗೈಲಿ ಹಾಕಾಕೆ ಕಲಿತ್ರೆ ಸಾಕು."

ಆ ನಾಲ್ಕು ದಿನ ಮನೆಯಲ್ಲಿ ನಡೆದದ್ದನ್ನು ಹೊರಗಿನವರು ನೋಡಿದ್ದರೆ ನಗುತ್ತಿದ್ದರು, ಒಳಗಿದ್ದವರಿಗೆ ನಗು ಬರಲಿಲ್ಲ. ಲ್ಯಾಬಿನಿಂದ ಬಂದ ಹುಡುಗಿಯ ಎಡಗೈಗೆ ಅಮ್ಮ ಕಡ್ಡಿ ಕೊಡುವಳು. ಬೀಳುವುದು. ಎತ್ತಿಕೊಡುವಳು. ಬೀಳುವುದು.

"ನನ್ನ ಕೈಯಾಗೆ ಇನ್ನೊಬ್ಬರ ಕೈ ತುರುಕ್ತಾ ಇದೀಯ ಅಮ್ಮಿ," ಎಂದಳು ಅರ್ಷಿಯಾ.

"ಒಂದು ದಿನದ ಮಟ್ಟಿಗೆ."

"ದಿನಾ ಕೇಳ್ತಾರೆ ಅಲ್ಲಿ. ದಿನಾ ಹೆಂಗೆ ಹೇಳ್ಲಿ?"

"ಜಗಳೂರು ಇನ್ನೊಂದು ಸಲ ಆದ್ರೆ ನಾನು ತಡ್ಕಳಲ್ಲ," ಎಂದಳು ಶಾಯಿಸ್ತಾ. ಅರ್ಷಿಯಾ ಬಿದ್ದ ಕಡ್ಡಿಯನ್ನು ಮತ್ತೆ ಎಡಗೈಗೆ ಎತ್ತಿಕೊಂಡಳು.

ಭಾನುವಾರ ಪ್ಯಾರೀಜಾನ್ ಒಬ್ಬಳೇ ಬಸ್ಸಿಗೆ ಬಂದಳು. ಅದೇ ಮೊದಲ ಕೆಟ್ಟ ಲಕ್ಷಣವಾಗಿ ಕಂಡಿತು ಶಾಯಿಸ್ತಾಗೆ. ಬಿರಿಯಾನಿ, ದಾಲ್ಚಾ, ಶಾವಿಗೆ ಪಾಯಸ ಎಲ್ಲ ಮಾಡಿದ್ದಳು. ಪ್ಯಾರೀಜಾನ್ ಒಂದು ಲೋಟ ನೀರು ಕುಡಿದು, ಊಟ ಆಮೇಲೆ ಎಂದಳು. ಸಾದಿಕ್ ಏನೂ ತಿಳಿಯದವನು ಫ್ಯಾನ್ ಹಾಕಿ ಎದುರಿಗೆ ಕೂತ. ಪ್ಯಾರೀಜಾನ್ ಚೀಲದಿಂದ ಟೋಪಿ ತೆಗೆದು ಮೊಣಕಾಲ ಮೇಲಿಟ್ಟಳು.

"ಆವತ್ತು ರುಮಾಲು ನೋಡಿದಾಗ ನನಗೆ ಗೊತ್ತಾಗಲಿಲ್ಲ. ಅದು ಚೌಕ, ಕೈ ಹೋಗ್ತದೆ ಬರ್ತದೆ. ಟೋಪಿ ಹಂಗಲ್ಲ, ಒಂದೇ ಕಡೆ ಸುತ್ತು. ಇದು ಎಡಗೈ. ಈ ಹುಡುಗಿ ಆವತ್ತು ಫೋನ್ ನಂಬರ್ ಬರೆದುಕೊಟ್ಟಿದ್ದು ಬಲಗೈಲಿ."

"ಬರೆಯಾದು ಬಲಗೈಲೇ," ಎಂದಳು ಶಾಯಿಸ್ತಾ ಥಟ್ಟನೆ. "ಹೆಣೆಯಾದು ಮಾತ್ರ ಎಡಗೈಲಿ. ಸಣ್ಣೋಳಿದ್ದಾಗಿಂದ್ಲೂ ಅಷ್ಟೇ."

ಸಾದಿಕ್ ಹೆಂಡತಿಯ ಮುಖ ನೋಡಿದ. ಪ್ಯಾರೀಜಾನ್ ಚೀಲಕ್ಕೆ ಮತ್ತೆ ಕೈ ಹಾಕಿ ಕಡ್ಡಿ, ದಾರದ ಉಂಡೆ ತೆಗೆದಳು. ಸಿಟ್ಟಿಲ್ಲದೆ, ಚಹಾ ಕೊಡುವ ಹಾಗೆ ಅರ್ಷಿಯಾಗೆ ನೀಡಿದಳು.

"ಎರಡು ಸುತ್ತು ಹಾಕವ್ವಾ. ನೋಡಾನ."

ಅರ್ಷಿಯಾ ಅಮ್ಮನನ್ನು ನೋಡಿದಳು. ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡಳು. ದಾರ ಕೊಕ್ಕೆಗೆ ಸಿಗಲಿಲ್ಲ. ಮತ್ತೊಮ್ಮೆ ಹಾಕಿದಳು. ಸಿಗಲಿಲ್ಲ. ಗುಲ್ಜಾರ್‌ಬೀ ಮಂಚದ ಮೇಲೆ ಕೂತು ಆ ಕೈಯನ್ನೇ ನೋಡುತ್ತಿದ್ದಳು. ಮೂರನೆಯ ಸಲ ದಾರ ತಪ್ಪಿದಾಗ ಇನ್ನು ಕೂರಲಾಗಲಿಲ್ಲ. ಎದ್ದುಬಂದು ಮೊಮ್ಮಗಳ ಕೈಯಿಂದ ಕಡ್ಡಿ ತೆಗೆದುಕೊಂಡಳು. ಹೊರಗಿನವರೆದುರು ಎಡಗೈ ಮುಂದೆ ಮಾಡಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

"ಅವಳ್ನ ಬಿಡ್ರಿ," ಎಂದಳು. "ಈ ಕೈ ನಂದು."

ನಿಂತಲ್ಲೇ ಕುಣಿಕೆ ಹಾಕಿ, ಸರಪಳಿ ಹಾಕಿ, ಅದನ್ನು ಕೂಡಿಸಿ ಸುತ್ತು ಶುರು ಮಾಡಿದಳು. ಮಾತಾಡುತ್ತಲೇ ಹೆಣೆದಳು, ನಿಲ್ಲಿಸಿದರೆ ಮಾತು ನಿಂತುಬಿಡುತ್ತದೆ ಎಂಬ ಭಯದಿಂದ. "ರುಮಾಲೂ ನಂದು, ಟೋಪಿನೂ ನಂದು. ಹುಡುಗಿಗೆ ಹೆಣೆಯಾಕೆ ಬರಲ್ಲ. ಬರಲ್ಲ ಅಂತ ಹೇಳಾನ ಅಂತ ಅವಳು ಮೊದಲ ದಿನವೇ ಅಂದಿದ್ಲು, ನಾವು ಬಾಯಿ ಮುಚ್ಚಿಸಿದ್ವಿ. ಬೈಯೋದಿದ್ರೆ ನನ್ನ ಬೈಯ್ರಿ, ಆ ಮಗುವನ್ನ ಬ್ಯಾಡ."

ಸಾದಿಕ್ ಎದ್ದು ನಿಂತಿದ್ದ. "ನಾನು ಊರೆಲ್ಲ ತೋರಿಸಿಕೊಂಡು ಬಂದೆ ಇದನ್ನ," ಎಂದ. "ನನ್ನ ಮನೆಯಾಗೆ ನನಗೊಬ್ಬನಿಗೇ ಗೊತ್ತಿಲ್ಲ." ಅವನು ಪ್ಯಾರೀಜಾನಳ ಕಡೆ ತಿರುಗಿ, "ನಿಮಗೆ ಮೋಸ ಆಗೈತೆ. ಬ್ಯಾಡ ಅಂದ್ರೆ ನಾವೇನೂ ಕೇಳಂಗಿಲ್ಲ," ಎಂದ.

ಶಾಯಿಸ್ತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಪ್ಯಾರೀಜಾನ್ ಗುಲ್ಜಾರ್‌ಬೀಯ ಕೈಯಿಂದ ಕಣ್ಣು ತೆಗೆದಿರಲಿಲ್ಲ. ಆಮೇಲೆ ಅರ್ಷಿಯಾಳನ್ನು ನೋಡಿದಳು. "ಹೆಣಿಗೆ ಬರಲ್ಲ ಅಂದ್ರೆ ಬರಲ್ಲ, ಅದಕ್ಕೇನು. ನಾನು ಕೇಳಾಕೆ ಬಂದಿದ್ದು ಅದಲ್ಲ. ನಮ್ಮನೆಯಾಗೆ ಟೋಪಿ ಯಾಕೆ ಹೆಣಿಸ್ತಾರೆ ಗೊತ್ತಾ? ಹದಿನೈದು ದಿನ ಒಬ್ಬ ಹುಡುಗನ ತಲೆ ಅಳತೆ ಕೈಯಾಗೆ ಇಟ್ಕೊಂಡು ಕೂತ್ರೆ, ಇವನು ಬೇಕೋ ಬ್ಯಾಡವೋ ಅಂತ ಹುಡುಗಿಗೆ ತಾನೇ ಗೊತ್ತಾಗ್ತದೆ. ಇದು ಬೇರೆಯೋರ ಕೈ ಅಂತ ಕಂಡಾಗ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಹುಡುಗಿಗೆ ಮನಸ್ಸಿಲ್ಲ, ಮನೆಯೋರು ಒತ್ತಾಯಕ್ಕೆ ಮಾಡ್ತಾ ಇದಾರೆ ಅಂದ್ಕೊಂಡೆ. ತಾಯಿಯಿಲ್ಲದ ಹುಡುಗ ನಂದು. ಮನಸ್ಸಿಲ್ಲದೋಳ್ನ ತಂದು ಅವನ ಮುಂದೆ ಕೂರಿಸಾಕೆ ನನಗಾಗಲ್ಲ. ನಿನಗೆ ಅವನು ಬೇಕಾ, ಬ್ಯಾಡವಾ?"

ಅರ್ಷಿಯಾ ಒಳಗೆ ಹೋದಳು. ಎಲ್ಲರೂ ಅವಳು ಅಳಲು ಹೋದಳೆಂದೇ ತಿಳಿದರು. ಬರುವಾಗ ಕೈಯಲ್ಲಿ ಲ್ಯಾಬಿನ ಬ್ಯಾಗಿತ್ತು. ಅದರಿಂದ ಒಂದು ಬಿಳಿಯ ಉಂಡೆಯಂಥದನ್ನು ತೆಗೆದು ಪ್ಯಾರೀಜಾನಳ ಮುಂದೆ ಇಟ್ಟಳು. ಟೋಪಿ ಎಂದರೆ ಟೋಪಿ, ಇಲ್ಲವೆಂದರೆ ಇಲ್ಲ. ಒಂದು ಕಡೆ ಸುಕ್ಕುಗಟ್ಟಿ, ಇನ್ನೊಂದು ಕಡೆ ಜೋತುಬಿದ್ದು, ನಡುವೆ ಎರಡು ತೂತಿದ್ದವು. ಸಣ್ಣ ಮಗುವಿನ ತಲೆಗೂ ಆಗುತ್ತಿರಲಿಲ್ಲ.

"ದಿನಾ ಊಟದ ಹೊತ್ತಿಗೆ ಹೆಣೀತಿದ್ದೆ," ಎಂದಳು. "ತೋರಿಸೋ ಹಂಗಿಲ್ಲ, ಅದಕ್ಕೆ ಯಾರಿಗೂ ಹೇಳಲಿಲ್ಲ. ಬೇಕು ಅಜ್ಜಿ."

ಪ್ಯಾರೀಜಾನ್ ಅದನ್ನು ಎತ್ತಿ ಒಳಗೆ ಹೊರಗೆ ಮಾಡಿ ನೋಡಿದಳು. ಒಂದೊಂದು ಸಾಲಿನ ಮೇಲೂ ಉಗುರು ಆಡಿಸಿದಳು. ಆಮೇಲೆ ದಾರದ ಕೊನೆ ಹುಡುಕಿ, ಹಿಡಿದು, ಎಳೆದಳು. ಸರಸರನೆ ಬಿಚ್ಚಿಕೊಂಡು ಬಂತು. ಸಾಲಿನ ಮೇಲೆ ಸಾಲು ಹೋಗುತ್ತಿದ್ದಂತೆ ಶಾಯಿಸ್ತಾ ಇನ್ನು ತಡೆಯಲಾರದೆ ಗಟ್ಟಿಯಾಗಿ ಅತ್ತಳು. ಎಲ್ಲ ಮುಗಿಯಿತು, ಉಂಗುರ ಇವತ್ತೇ ವಾಪಸ್ ಎಂದು ಅವಳಿಗೆ ಖಾತ್ರಿಯಾಗಿಹೋಗಿತ್ತು. ಗುಲ್ಜಾರ್‌ಬೀ ಮಂಚದ ಮೇಲೆ ಕೂತುಬಿಟ್ಟಳು.

ಪ್ಯಾರೀಜಾನ್ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಅರ್ಷಿಯಾಳ ಕೈಗೆ ವಾಪಸ್ ಕೊಟ್ಟಳು.

"ಹನ್ನೆರಡು ದಿನ ಐತೆ. ಮೊದಲಿಂದ ಹಾಕು. ನಕ್ಷತ್ರ ಗಿಕ್ಷತ್ರ ಏನೂ ಬ್ಯಾಡ, ಬರೀ ಸುತ್ತು ಸಾಕು. ಅವನು ಅದನ್ನೇ ಹಾಕ್ಕೊಂಡು ಕೂರ್ತಾನೆ." ಆಮೇಲೆ ಶಾಯಿಸ್ತಾಳ ಕಡೆ ನೋಡಿ, "ಅಳಬ್ಯಾಡ. ಸುಳ್ಳು ಹೇಳಿದ್ದಕ್ಕೆ ನಿನ್ನ ಹತ್ರ ಬೇರೆ ಮಾತಾಡಾದೈತೆ, ಊಟ ಆದ ಮೇಲೆ," ಎಂದಳು.

"ಅವಳ ಕೈಗೆ ಬರಲ್ಲ ಅಕ್ಕಾ," ಎಂದಳು ಗುಲ್ಜಾರ್‌ಬೀ. "ನಾನು ಕಲಿಸಿ ನೋಡಿದೀನಿ."

"ಹೆಂಗೆ ಕೂತು ಕಲಿಸಿದ್ರಿ?"

"ಇಲ್ಲೇ. ಪಕ್ಕದಾಗೆ."

"ಈಗ ಬಿಚ್ಚಿದ್ನಲ್ಲ, ಆ ಟೋಪಿಯಾಗೇ ನನಗೆ ಕಂಡಿತ್ತು. ಕಡ್ಡಿ ಬಲಗೈಲಿ, ಕಣ್ಣು ನಿಮ್ಮ ಎಡಗೈ ಮೇಲೆ. ಒಂದು ಸಾಲು ಆ ಕಡೆ ಹೋಗೈತೆ, ಒಂದು ಸಾಲು ಈ ಕಡೆ. ಪಕ್ಕದಾಗೆ ಕೂತ್ರೆ ಯಾರಿಗೂ ಬರಲ್ಲ. ಎಡಗೈಯೋರು ಬಲಗೈಯೋರಿಗೆ ಕಲಿಸೋದಾದ್ರೆ ಎದುರಿಗೆ ಕೂರಬೇಕು. ಕನ್ನಡಿಯಾಗೆ ನೋಡ್ದಂಗೆ."

ಪ್ಯಾರೀಜಾನ್ ತಾನೇ ಎದ್ದು ಸ್ಟೂಲು ಎಳೆದು ಮಂಚದ ಎದುರಿಗೆ ಹಾಕಿದಳು. ಅರ್ಷಿಯಾ ಅದರ ಮೇಲೆ ಕೂತಳು. ಅಜ್ಜಿ, ಮೊಮ್ಮಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ, ಮುಖಕ್ಕೆ ಮುಖ ಕೊಟ್ಟು ಕೂತರು. ಗುಲ್ಜಾರ್‌ಬೀ ಎಡಗೈ ಎತ್ತಿದಳು. ಅರ್ಷಿಯಾ ಬಲಗೈ ಎತ್ತಿದಳು. ಒಂದು ಕುಣಿಕೆ. ಒಂದು ಕುಣಿಕೆ. ದಾರ ಎಳೆದುಕೊಂಡು ಹೊರಗೆ. ಅವಳದೂ ಹೊರಗೆ ಬಂತು. ಆರು ಕುಣಿಕೆ ಆದವು, ಹನ್ನೆರಡಾದವು, ಗಂಟಾಗಲಿಲ್ಲ, ಹಿಂದಕ್ಕೆ ತಿರುಗಲಿಲ್ಲ. ಸುತ್ತು ಬಂದು ತನ್ನ ಮೊದಲ ಕುಣಿಕೆಗೆ ಕೂಡಿತು.

"ದಾದಿ, ಬಂತು," ಎಂದಳು ಅರ್ಷಿಯಾ.

ಗುಲ್ಜಾರ್‌ಬೀಯ ಕೈ ನಿಂತಿತ್ತು. ಕಡ್ಡಿ ಮಡಿಲಿಗೆ ಬಿದ್ದಿತ್ತು. ಅವಳು ಅಳುತ್ತಿದ್ದಳು. ಸಂತೋಷಕ್ಕೆ ಅಂದುಕೊಂಡು ಶಾಯಿಸ್ತಾ ಓಡಿಬಂದು ಭುಜ ಹಿಡಿದಳು.

"ಬಂತಲ್ಲ ಅಮ್ಮೀಜಾನ್, ಇನ್ನೇನು? ಯಾಕೆ ಅಳ್ತೀರಿ?"

"ಇಷ್ಟೇನಾ?" ಎಂದಳು ಗುಲ್ಜಾರ್‌ಬೀ. "ಅವತ್ತು ಎದ್ದು ಅಮೀರ್‌ಬೀ ಎದುರಿಗೆ ಕೂತಿದ್ರೆ ಸಾಕಿತ್ತಾ?"